ತೋಟದ ಗಿಡಗಳು ಬೆಳಕಿಗೆ ಬಾಗುವುದೇಕೆ?

ಪ್ರತಿ ವರ್ಷ ಮರಗಸಿಯ ಕಾಲ ಹತ್ತಿರ ಬಂದಂತೆ ಸಂಘದ ಕಚೇರಿಗೆ ಬರುವ ಸದಸ್ಯರು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ರಸ್ತೆ ಬದಿಯ ಸಾಲಿನ ಕಾಫಿ ಗಿಡಗಳೆಲ್ಲ ರಸ್ತೆಗೇ ವಾಲಿವೆ, ಬೇರಿಗೆ ಏನಾದರೂ ರೋಗ ತಗಲಿರಬಹುದೆ ಎಂಬುದು ಒಂದು. ಬಾಳೆಯ ನಡುವೆ ನೆಟ್ಟ ಅಡಿಕೆ ಸಸಿ ಎತ್ತರವೇನೋ ಚೆನ್ನಾಗಿ ಬಂದಿದೆ, ಆದರೆ ಬುಡ ದಪ್ಪವಾಗಲಿಲ್ಲ, ಯಾವ ಗೊಬ್ಬರ ಕೊಡಬೇಕು ಎಂಬುದು ಇನ್ನೊಂದು. ಎರಡಕ್ಕೂ ನಾವು ಹೇಳುವುದು ಒಂದೇ: ಔಷಧಿ, ಗೊಬ್ಬರದ ಮಾತು ಆಮೇಲಿರಲಿ, ಮೊದಲು ತಲೆಯೆತ್ತಿ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ನೋಡಿ. ಕೇಳಿದವರಲ್ಲಿ ಅರ್ಧ ಜನ ನಾವು ತಮಾಷೆ ಮಾಡುತ್ತಿದ್ದೇವೆಂದು ಭಾವಿಸಿ ಎದ್ದು ಹೋಗುತ್ತಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವುದು ಒಳ್ಳೆಯದೆಂದು ತೋರಿತು.

ಗಿಡ ಬೆಳಕನ್ನು ಹುಡುಕಿಕೊಂಡು ಹೋಗುತ್ತದೆ ಎಂದು ನಾವೆಲ್ಲ ಹೇಳುವುದುಂಟು. ಈ ಹುಡುಕಾಟ ಹೇಗೆ ನಡೆಯುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್. ಗಿಡಗಳ ಚಲನೆಯ ಬಗ್ಗೆ 1880ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಹುಲ್ಲಿನ ಮೊಳಕೆಯ ಮೇಲೆ ಮಾಡಿದ ಪ್ರಯೋಗ ಬರುತ್ತದೆ. ಒಂದೇ ಕಡೆಯಿಂದ ಬೆಳಕು ಬಿಟ್ಟರೆ ಮೊಳಕೆ ಆ ಕಡೆಗೆ ಬಾಗುತ್ತದೆ. ತುದಿಗೆ ಮಾತ್ರ ಬೆಳಕು ಹೋಗದಂಥ ಟೊಪ್ಪಿಗೆ ಹಾಕಿದರೆ ಬಾಗುವುದಿಲ್ಲ. ಬಾಗುವ ಜಾಗ ತುದಿಗಿಂತ ಕೆಳಗಿದೆ, ಬೆಳಕನ್ನು ಕಾಣುವ ಜಾಗ ಮಾತ್ರ ತುದಿಯಲ್ಲಿದೆ. ಹಾಗಾದರೆ ಮೇಲಿನಿಂದ ಕೆಳಕ್ಕೆ ಏನೋ ಒಂದು ಸುದ್ದಿ ಇಳಿಯುತ್ತಿರಬೇಕು. ಡೆನ್ಮಾರ್ಕಿನ ಬಾಯ್ಸೆನ್-ಯೆನ್ಸೆನ್ ಎಂಬವರು ತುದಿಯನ್ನು ಕತ್ತರಿಸಿ, ನಡುವೆ ಜೆಲಾಟಿನ್ ತುಣುಕಿಟ್ಟು ಮತ್ತೆ ಕೂರಿಸಿದರು. ಮೊಳಕೆ ಆಗಲೂ ಬಾಗಿತು. ಹಾಲೆಂಡಿನ ವೆಂಟ್ ಎಂಬ ಯುವಕ 1926ರ ಸುಮಾರಿಗೆ ಆ ಸುದ್ದಿಯನ್ನು ಹೊತ್ತ ರಸವನ್ನು ಅಗರ್ ತುಣುಕಿನಲ್ಲಿ ಹಿಡಿದೇ ತೋರಿಸಿದರು. ಅದಕ್ಕೆ ಆಕ್ಸಿನ್ ಎಂಬ ಹೆಸರಾಯಿತು. ಬೆಳಕನ್ನು, ಅದರಲ್ಲೂ ನೀಲಿ ಬೆಳಕನ್ನು, ಮೊದಲು ಗುರುತಿಸುವ ಪ್ರೋಟೀನು ಯಾವುದೆಂಬುದು ಗೊತ್ತಾಗಲು ಮಾತ್ರ 1990ರ ದಶಕದವರೆಗೆ ಕಾಯಬೇಕಾಯಿತು.

ಈ ಆಕ್ಸಿನ್ ಬೆಳಕು ಬಿದ್ದ ಮಗ್ಗುಲಿನಲ್ಲಿ ಕಡಿಮೆಯಾಗಿ ನೆರಳಿನ ಮಗ್ಗುಲಿನಲ್ಲಿ ಹೆಚ್ಚಾಗುತ್ತದೆ. ಹೆಚ್ಚಾದ ಕಡೆ ಕಾಂಡದ ಜೀವಕೋಶಗಳು ಉದ್ದವಾಗುತ್ತವೆ. ಜೋಡೆತ್ತಿನ ಗಾಡಿಯಲ್ಲಿ ಬಲಗಡೆಯ ಎತ್ತು ಬಿರುಸಾಗಿ ನಡೆದರೆ ಗಾಡಿ ಎಡಕ್ಕೆ ತಿರುಗುವುದಿಲ್ಲವೆ? ಹಾಗೆಯೇ ನೆರಳಿನ ಮಗ್ಗುಲು ಬೇಗ ಬೆಳೆದು ಗಿಡವನ್ನು ಬೆಳಕಿನತ್ತ ತಿರುಗಿಸುತ್ತದೆ. ಇದು ಪಾಠದ ಮಾತಾಯಿತೆಂದು ಬೇಸರಪಡಬಾರದು, ಏಕೆಂದರೆ ತೋಟದ ಲೆಕ್ಕವೆಲ್ಲ ಇರುವುದು ಇಲ್ಲಿಯೇ. ಮುಟ್ಟಿದರೆ ಮುನಿ ಎಲೆ ಮಡಚಿದರೆ ಸ್ವಲ್ಪ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ, ಅದು ಎಲೆಯ ಬುಡದಲ್ಲಿ ನೀರು ಸರಿದಾಡಿ ಆಗುವ ಚಲನೆ. ಬೆಳಕಿಗೆ ಬಾಗುವುದು ಬೆಳವಣಿಗೆಯಿಂದ ಆಗುವ ಚಲನೆ. ಬೆಳೆಯುವ ಭಾಗ ಮಾತ್ರ ಬಾಗಬಲ್ಲದು, ಬೆಳೆದು ನಿಂತ ಭಾಗ ಬಾಗಿದ ಹಾಗೆಯೇ ಉಳಿಯುತ್ತದೆ. ಚಿತ್ರದುರ್ಗದ ಕಡೆ ಸೂರ್ಯಕಾಂತಿ ಹೊಲ ಕಂಡವರಿಗೆ ಇದು ಗೊತ್ತು. ಎಳೆಯ ಗಿಡ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಮುಖ ಮಾಡುತ್ತದೆ. ಹೂವು ಬಲಿತು ಕಾಂಡದ ಬೆಳವಣಿಗೆ ನಿಂತ ಮೇಲೆ ಪೂರ್ವಕ್ಕೆ ನೋಡುತ್ತ ನಿಂತುಬಿಡುತ್ತದೆ.

ಅಡಿಕೆಯಲ್ಲಿ ಇದನ್ನು ಅತ್ಯಂತ ಸ್ಪಷ್ಟವಾಗಿ ನಾವು ಕಂಡದ್ದು ಮಲೆನಾಡಿನ ತೋಟದಲ್ಲಲ್ಲ, ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿ. ಬನಶಂಕರಿ, ಹೊಸಕೆರೆಹಳ್ಳಿ ಕಡೆ ಮನೆ ಮಾಡಿರುವ ನಮ್ಮವರು ಅಂದಕ್ಕಾಗಿ ನಾಲ್ಕು ಅಡಿಕೆ ಸಸಿ ನೆಡುವುದು ಸಾಮಾನ್ಯ. ಸದಸ್ಯರೊಬ್ಬರ ಮಗ ಊರಿನಿಂದ ಒಂದೇ ತಾಯಿಮರದ ಮೂರು ಸಸಿ ಒಯ್ದು, ಒಂದನ್ನು ಮನೆಯ ಮುಂದೆ ತೆರವಿನಲ್ಲಿ, ಎರಡನ್ನು ಗೋಡೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ನೆಟ್ಟಿದ್ದರು. ಮುಂದಿನದು ಗಿಡ್ಡವಾಗಿ, ದಪ್ಪವಾಗಿ, ನೆಟ್ಟಗೆ ನಿಂತಿದೆ. ಓಣಿಯವೆರಡೂ ಅದಕ್ಕಿಂತ ಎತ್ತರ, ಆದರೆ ಸಪೂರ. ಅರ್ಧದಿಂದ ಮೇಲೆ ರಸ್ತೆಯ ಕಡೆಗೆ ವಾಲಿವೆ. ಕಾಂಡದ ಉಂಗುರಗಳನ್ನು ಎಣಿಸಿದೆವು. ಒಂದೊಂದು ಉಂಗುರವೂ ಉದುರಿದ ಒಂದೊಂದು ಸೋಗೆಯ ಗುರುತು. ಚೆನ್ನಾಗಿ ನೆಲೆಯೂರಿದ ಮರ ವರ್ಷಕ್ಕೆ ಸುಮಾರು ಆರೇಳು ಸೋಗೆ ಬಿಡುತ್ತದೆ. ಕೆಳಗೆ ಉಂಗುರಗಳು ಒತ್ತೊತ್ತಾಗಿದ್ದವು. ಒಂದು ಎತ್ತರದಿಂದ ಮೇಲಕ್ಕೆ ಒಮ್ಮೆಲೇ ದೂರ ದೂರವಾಗಿದ್ದವು. ಪಕ್ಕದ ನಿವೇಶನದಲ್ಲಿ ಮೂರಂತಸ್ತಿನ ಮನೆ ಎದ್ದದ್ದು ಯಾವಾಗ ಎಂದು ಕೇಳಿ ಲೆಕ್ಕ ಹಾಕಿದರೆ ಆ ಜಾಗಕ್ಕೇ ಬಂದು ಮುಟ್ಟಿತು. ನಿಮ್ಮ ತೋಟದ ಮರಗಳೂ ಹೀಗೆಯೇ ನೆರಳಿನ ಲೆಕ್ಕವನ್ನು ಮೈಮೇಲೆ ಬರೆದುಕೊಂಡಿರುತ್ತವೆ, ಒಮ್ಮೆ ನೋಡಿ.

ಹಗ್ಗ ಕಟ್ಟಿ ಎಳೆದರೆ ನೆಟ್ಟಗಾದೀತೆ ಎಂದು ಆ ಹುಡುಗ ಕೇಳಿದ. ಆಗದು. ಅಡಿಕೆಗೆ ಇರುವುದು ಒಂದೇ ಸುಳಿ. ಮಾವು ಹಲಸಿನ ಹಾಗೆ ತೊಗಟೆಯ ಒಳಗೆ ವರ್ಷವರ್ಷವೂ ಹೊಸ ಮರ ಕಟ್ಟುವ ಪದರ ಅದರಲ್ಲಿಲ್ಲ. ಬೆಳಕು ಸರಿಯಾದರೆ ಸುಳಿ ಮೇಲ್ಮುಖವಾಗಿ ಹೊರಳಬಹುದು, ಅಷ್ಟೇ. ಕೆಳಗಿನ ಸೊಟ್ಟ ಮರ ಇರುವವರೆಗೂ ಸೊಟ್ಟವೇ. ಪಟ್ಟಣದಲ್ಲಿ ಇದು ಅಂದದ ಪ್ರಶ್ನೆ. ನಮ್ಮಲ್ಲಿ ಆ ಮರವನ್ನು ಕೊನೆಗಾರ ಹತ್ತಬೇಕು.

ಎತ್ತರವಾಗಿ ಸಪೂರವಾಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಕೆಳಕ್ಕೆ ಬಿಡುತ್ತದೆ. ಇವೆರಡರ ಪ್ರಮಾಣವನ್ನು ಅಳೆಯುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಗಿಡದಲ್ಲಿದೆ. ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದವರು ಅದನ್ನು 1959ರಲ್ಲಿ ಪತ್ತೆ ಮಾಡಿದರು. ಅತಿಗೆಂಪು ಹೆಚ್ಚಾಯಿತೆಂದರೆ ಮೇಲೆ ಬೇರೆ ಗಿಡವಿದೆ ಎಂದು ಸಸಿಗೆ ತಿಳಿಯುತ್ತದೆ. ದಪ್ಪವಾಗುವುದನ್ನು ಬಿಟ್ಟು ಮೇಲೇರಲು ತೊಡಗುತ್ತದೆ. ಸಸಿಮಡಿಯಲ್ಲಿ ಕಾಫಿ ಬುಟ್ಟಿಗಳನ್ನು ಒತ್ತೊತ್ತಾಗಿ ಇಟ್ಟರೆ ಎಳಸು ಎಳಸಾಗಿ ಏಳುವುದೂ ಇದರಿಂದಲೇ. ಅಂಥ ಸಸಿಗೆ ಯೂರಿಯಾ ಕೊಟ್ಟರೆ ಇನ್ನೂ ಉದ್ದವಾದೀತು. ಬುಟ್ಟಿಗಳನ್ನು ಬಿಡಿಸಿಡಬೇಕು, ನೆಡುವ ಮೊದಲು ಚಪ್ಪರದ ಸೊಪ್ಪನ್ನು ಹಂತಹಂತವಾಗಿ ತೆಳು ಮಾಡಬೇಕು. ಬಾಳೆಯ ನಡುವಿನ ಅಡಿಕೆಗೂ ಇದೇ ಮಾತು. ಬಾಳೆ ಕಡಿಯಲು ಮನಸ್ಸು ಬಾರದಿದ್ದರೆ ಕಂದುಗಳನ್ನಾದರೂ ಕಡಿಮೆ ಮಾಡಿ.

ಕಾಫಿ, ವಿಶೇಷವಾಗಿ ಅರೇಬಿಕಾ, ಇಥಿಯೋಪಿಯದ ಕಾಡಿನಲ್ಲಿ ದೊಡ್ಡ ಮರಗಳ ಅಡಿಯಲ್ಲಿ ಬೆಳೆದ ಗಿಡ. ನೆರಳು ಅದಕ್ಕೆ ಶತ್ರುವಲ್ಲ. ಒಂದೇ ಕಡೆಯ ಬೆಳಕು ಶತ್ರು. ಮರಗಸಿಯಲ್ಲಿ ಕೈಗೆ ಸಿಕ್ಕುವ ಹಾಲವಾಣದ ಕೊಂಬೆಗಳನ್ನೆಲ್ಲ ಬೋಳಿಸಿ, ಹತ್ತಲು ಕಷ್ಟವಾದ ಅತ್ತಿ, ಬಸರಿಗಳನ್ನು ಹಾಗೇ ಬಿಟ್ಟರೆ ಆಕಾಶದಲ್ಲಿ ಒಂದು ಕಿಂಡಿ ತೆರೆದ ಹಾಗಾಗುತ್ತದೆ. ಸುತ್ತಲಿನ ಗಿಡಗಳು ಆ ಕಿಂಡಿಗೆ ತಿರುಗುತ್ತವೆ. ಹೀಗೆ ವಾಲಿದ ಕಾಂಡದ ಮೇಲ್ಮೈಯಲ್ಲಿ ಕಂಬಚಿಗುರು ಸಾಲಾಗಿ ಏಳುವುದನ್ನು ಎಲ್ಲರೂ ನೋಡಿದ್ದೀರಿ. ತುದಿಯಿಂದ ಇಳಿದು ಬರುವ ಆಕ್ಸಿನ್‌ನ ಹಿಡಿತ ಬಾಗಿದ ಕಾಂಡದಲ್ಲಿ ಸಡಿಲವಾಗಿ, ಮಲಗಿದ್ದ ಕಣ್ಣುಗಳು ಏಳುತ್ತವೆ. ಚಿಗುರು ತೆಗೆಯುವ ಕೂಲಿ ಆ ಗಿಡಗಳಿಗೇ ಹೆಚ್ಚು ಹೋಗುತ್ತದೆ. ತೀರಾ ವಾಲಿದ ಗಿಡದಲ್ಲಿ ಬುಡದ ಹತ್ತಿರದ ಒಂದು ಗಟ್ಟಿ ಕಂಬಚಿಗುರನ್ನು ಉಳಿಸಿಕೊಂಡು, ಅದು ನಿಂತ ಮೇಲೆ ಹಳೆಯ ಕಾಂಡವನ್ನು ತೆಗೆಯುವುದು ಲೇಸು. ಅಡ್ಡರೆಂಬೆಯನ್ನು ನೆಟ್ಟಗೆ ಕಟ್ಟಿ ಕಾಂಡ ಮಾಡಲು ಹೋಗಬೇಡಿ. ಕಾಫಿಯಲ್ಲಿ ಅಡ್ಡ ಬೆಳೆಯುವುದು ಅಡ್ಡವೇ ಬೆಳೆಯುತ್ತದೆ.

ದರ ಏರಿದಾಗಲೆಲ್ಲ ನೆರಳನ್ನೇ ತೆಗೆದುಬಿಡುವ ಉಮೇದು ಕೆಲವರಿಗೆ ಬರುತ್ತದೆ. ರೊಬಸ್ಟಾ ಸ್ವಲ್ಪ ತಡೆದುಕೊಂಡೀತು. ಅರೇಬಿಕಾ ಮೊದಲೆರಡು ಫಸಲು ಮೈತುಂಬ ಬಿಟ್ಟು ಆಮೇಲೆ ರೆಂಬೆ ಒಣಗಿಸಿಕೊಳ್ಳುತ್ತದೆ. ಬಿಸಿಲು ಬೀಳುವ ಕಾಂಡವೆಂದರೆ ಬಿಳಿ ಕಾಂಡಕೊರಕಕ್ಕೂ ಬಲು ಇಷ್ಟ. ಮುಂಗಾರು ಹಿಡಿಯುವ ಹೊತ್ತಿಗೆ, ಎಲ್ಲ ಮರದಿಂದಲೂ ಸ್ವಲ್ಪ ಸ್ವಲ್ಪ, ಬೆಳಕು ಜರಡಿ ಹಿಡಿದ ಹಾಗೆ ಸಮನಾಗಿ ಇಳಿಯುವಂತೆ ಕಸಿ ಮಾಡಿಸಬೇಕು. ಕೂಲಿ ಹೆಚ್ಚಾಗುತ್ತದೆ ಎಂಬುದು ನಿಜ.

ಇನ್ನು ಹೊಸದಾಗಿ ಅಡಿಕೆ ಹಾಕುವವರಿಗೆ. ನಮ್ಮ ಸೀಮೆಯಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಅವೆರಡರ ನಡುವೆ ಸೂರ್ಯ ಉತ್ತರಕ್ಕಿದ್ದರೂ ಬಹುಪಾಲು ಮೋಡದ ಕಾಲ. ಮಳೆ ಹೋದ ಮೇಲೆ ದಕ್ಷಿಣಕ್ಕೆ ಇಳಿದ ಸೂರ್ಯನ ಮಧ್ಯಾಹ್ನದ ಬಿಸಿಲು ನೈಋತ್ಯದಿಂದ ನೇರವಾಗಿ ಕಾಂಡಕ್ಕೆ ಬಡಿಯುತ್ತದೆ. ಆ ಮಗ್ಗುಲು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಸೀಳುತ್ತದೆ. ಹೊಸ ಪದರ ಕಟ್ಟದ ಮರವಾದ್ದರಿಂದ ಗಾಯ ಮಾಯುವುದಿಲ್ಲ. ಸೀಳಿದ ಮರ ಗಾಳಿಗೆ ಮುರಿಯುತ್ತದೆ, ಕೆಲವೊಮ್ಮೆ ಕೊನೆಗಾರ ಮೇಲಿರುವಾಗಲೇ.

1956ರಲ್ಲಿ ವಿಟ್ಲದಲ್ಲಿ ಅಡಿಕೆಗೆಂದೇ ಆರಂಭವಾದ ಕೇಂದ್ರ 1970ರಿಂದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದೆ. ಸಂಸ್ಥೆಯ ಶಿಫಾರಸು ಹೀಗಿದೆ: 9 ಅಡಿ ಅಂತರದ ಸಾಲನ್ನು ನೇರ ಉತ್ತರ ದಕ್ಷಿಣವಾಗಿ ಹಿಡಿಯದೆ 35 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಬೇಕು. ಸಾಲಿನ ದಕ್ಷಿಣದ ತುದಿ ಪಶ್ಚಿಮಕ್ಕೆ ಹೊರಳಿದರೆ ಮುಂದಿನ ಮರದ ನೆರಳು ಹಿಂದಿನ ಮರದ ಕಾಂಡದ ಮೇಲೆ ಬೀಳುತ್ತದೆ. ಅಂಚಿನ ಸಾಲುಗಳಿಗೆ ದಕ್ಷಿಣ ಪಶ್ಚಿಮಗಳಲ್ಲಿ ಬೇಗ ಬೆಳೆಯುವ ಮರ ಹಾಕಬೇಕು. ಅವು ಏಳುವವರೆಗೆ ಕಾಂಡಕ್ಕೆ ಹಾಳೆ ಅಥವಾ ಸೋಗೆ ಕಟ್ಟಬೇಕು, ಇಲ್ಲವೆ ಸುಣ್ಣ ಬಳಿಯಬೇಕು.

35 ಡಿಗ್ರಿ ಹಿಡಿಯಲು ಸರ್ವೆಯವರನ್ನು ಕಾಯಬೇಕಾಗಿಲ್ಲ. ಸಮತಟ್ಟಾದ ಕಡೆ ನೆಟ್ಟಗೆ ಒಂದು ಗೂಟ ನೆಟ್ಟು, ಅದರ ಸುತ್ತ ಹಗ್ಗದಿಂದ ವೃತ್ತ ಎಳೆಯಿರಿ. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕಿ. ಎರಡನ್ನೂ ಸೇರಿಸಿದ ಗೆರೆ ಪೂರ್ವ ಪಶ್ಚಿಮ. ಅದಕ್ಕೆ ಅಡ್ಡಲಾದದ್ದು ಉತ್ತರ ದಕ್ಷಿಣ. ಗೂಟದಿಂದ ದಕ್ಷಿಣಕ್ಕೆ 10 ಅಡಿ ಅಳೆದು, ಅಲ್ಲಿಂದ ನೇರ ಪಶ್ಚಿಮಕ್ಕೆ 7 ಅಡಿ ಹೋಗಿ ಕಡ್ಡಿ ನೆಡಿ. ಗೂಟದಿಂದ ಆ ಕಡ್ಡಿಗೆ ಎಳೆದ ಹಗ್ಗವೇ ನಿಮ್ಮ ಮೊದಲ ಸಾಲು. ಇದಕ್ಕೆ ಮೋಡವಿಲ್ಲದ ಒಂದು ದಿನ ಬೇಕು, ಮತ್ತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದನ ಬಂದು ಗೂಟ ಕೆಡವದಂತೆ ನೋಡಿಕೊಳ್ಳಲು ಒಬ್ಬರು ಕಾವಲಿರಬೇಕು.