ಮಳೆ ಮಕ್ಕಳ ತಲೆ ಎಣಿಸುವುದಿಲ್ಲ

ಮಕ್ಕಳೇ, ನಿಮ್ಮ ಸರ್ಕಾರಿ ಶಾಲೆಯ ಸೀಮೆಸುಣ್ಣಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಹೆಡ್‌ಮಾಸ್ಟರ ಜೇಬಿನಿಂದಲ್ಲ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ. ಸೊನ್ನೆ ಎಣಿಸಿ ಸುಸ್ತಾಗಿ ನಾನು ಭಾಗಾಕಾರ ಮಾಡಿದೆ: ನೂರು ರೂಪಾಯಿಗೆ ಸುಮಾರು ಹನ್ನೊಂದು. ಕಾಲೇಜುಗಳೂ ಅದರಲ್ಲೇ ಬಂದವು. ದೊಡ್ಡ ಪಾಲು ಸಂಬಳಕ್ಕೆ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಆಮೇಲೆ.

ಇದಲ್ಲದೆ ಶಾಲೆಯ ಕೈಖರ್ಚಿಗೆಂದು ವರ್ಷಕ್ಕೊಂದು ಅನುದಾನ ಇದೆ. ಅದು ‘ಸಮಗ್ರ ಶಿಕ್ಷಾ’ ಯೋಜನೆಯದು; ಅದಕ್ಕೆ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಈ ಹಣವನ್ನು ಅಳೆಯುವುದು ಮಕ್ಕಳ ತಲೆ ಎಣಿಸಿ. ಗೊತ್ತುಮಾಡಿದ ದರದಂತೆ 30 ಮಕ್ಕಳವರೆಗೆ 10,000 ರೂಪಾಯಿ, ಅದಕ್ಕಿಂತ ಹೆಚ್ಚಿದ್ದು 100ರವರೆಗೆ ಆದರೆ 25,000. ಕರೆಂಟು ಬಿಲ್ಲು, ನೀರು, ಪೊರಕೆ, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ.

ದೊಡ್ಡ ಊರಿಗೆ ಈ ಲೆಕ್ಕ ಒಗ್ಗುತ್ತದೆ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ? ಇಲ್ಲಿ ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. 31 ಮಕ್ಕಳಿರುವ ಶಾಲೆಯಿಂದ ಇಬ್ಬರು ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋದರೆ ಸಾಕು, 15,000 ರೂಪಾಯಿ ಖೋತಾ. ಮಳೆ ಮಾತ್ರ ರಿಯಾಯಿತಿ ತೋರಿಸುವುದಿಲ್ಲ. ಒಂಬತ್ತು ಮಕ್ಕಳ ಶಾಲೆಯ ಹೆಂಚೂ ತೊಂಬತ್ತು ಮಕ್ಕಳ ಶಾಲೆಯ ಹೆಂಚಿನಷ್ಟೇ ಸೋರುತ್ತದೆ.

ಇನ್ನೊಂದು ಪೇಚು ಕೇಳಿ. ಸರ್ಕಾರದ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಹೆಂಚು ಕೈಯಾಡಿಸುವುದು ಮೇ ತಿಂಗಳ ಕೆಲಸ ಎಂದು ಮಲೆನಾಡಿನ ಅಜ್ಜಂದಿರಿಗೆಲ್ಲ ಗೊತ್ತು. ಹಣ ಆಷಾಢದಲ್ಲಿ ಬಂದರೆ ಪಾಚಿಗಟ್ಟಿದ ಮಾಡು ಹತ್ತುವವರಾರು? ತಲೆಯ ಲೆಕ್ಕದ ಜೊತೆಗೆ ಮಾಡಿನ ಅಳತೆಗೂ ಒಂದಿಷ್ಟು ಕೊಡಲಿ, ಅದೂ ಮಳೆಗೆ ಮುಂಚೆ ಕೊಡಲಿ ಎಂಬುದು ನನ್ನ ವಾದ.

ಕೇಳುವುದೆಲ್ಲಿ? 2001ರಿಂದ ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಇರುವ ಎಸ್‌ಡಿಎಂಸಿ ಇದೆ. ಈ ಮೂರೂ ತಾಲ್ಲೂಕು ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿವೆ, ಶಾಸಕರು ಒಬ್ಬರೇ. ಎಷ್ಟು ಹೆಂಚು ಒಡೆದಿದೆ, ಯಾವ ಕೋಣೆಯಲ್ಲಿ ಬಕೆಟ್ ಇಡಬೇಕು ಎಂದು ಅಜ್ಜ ಹೇಳಲಿ, ಮೊಮ್ಮಗಳು ಬರೆಯಲಿ, ಎಸ್‌ಡಿಎಂಸಿ ಸಹಿ ಹಾಕಲಿ. ಬಜೆಟ್ ಮಂಡನೆ ಮಾರ್ಚ್ ಹೊತ್ತಿಗೆ. ಇಲಾಖೆಗಳ ಲೆಕ್ಕ ಅದಕ್ಕೂ ಮೊದಲೇ ಆಗಿರುತ್ತದೆ. ಹಾಗಾಗಿ ಪತ್ರ ದೀಪಾವಳಿಯೊಳಗೆ ಹೋದರೆ ಒಳ್ಳೆಯದು.