ಮೌಂಟ್ ರೋಡಿನ ಎಲ್‌ಐಸಿ

ಚೆನ್ನೈನ ಅಣ್ಣಾ ಸಾಲೈಯಲ್ಲಿ ಕಚೇರಿ ಹೊತ್ತು. ಹಳಬರ ಬಾಯಲ್ಲಿ ಇದು ಇನ್ನೂ ಮೌಂಟ್ ರೋಡ್. ಬಸ್ಸು, ಆಟೋ, ಬೈಕುಗಳ ಗದ್ದಲದ ಪಕ್ಕದಲ್ಲೇ ಎಲ್‌ಐಸಿ ಕಟ್ಟಡ ಹಲಗೆ ನೆಟ್ಟ ಹಾಗೆ ನೆಟ್ಟಗೆ ನಿಂತಿದೆ. ಮೈತುಂಬ ಕಾಂಕ್ರೀಟಿನ ಲಂಬ ಪಟ್ಟಿಗಳು, ಅವುಗಳ ಸಂದಿಯಲ್ಲಿ ಕಿಟಕಿಗಳ ಸಾಲು. ಕತ್ತೆತ್ತಿದರೆ ಆ ಪಟ್ಟಿಗಳೇ ಕಣ್ಣನ್ನು ಮೇಲಕ್ಕೆ ಎಳೆದೊಯ್ಯುತ್ತವೆ. 177 ಅಡಿಯ ಕಟ್ಟಡ ಇನ್ನಷ್ಟು ಎತ್ತರ ಕಾಣುವ ಗುಟ್ಟು ಇದೇ.

ಇದನ್ನು ಕಟ್ಟಿಸಲು ಹೊರಟದ್ದು ಎಲ್‌ಐಸಿ ಅಲ್ಲ. ಆಗ ಎಲ್‌ಐಸಿ ಹುಟ್ಟಿಯೇ ಇರಲಿಲ್ಲ. ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಕಟ್ಟಿ ಬೆಳೆಸಿದ ಚಿದಂಬರಂ ಚೆಟ್ಟಿಯಾರರು ತಮ್ಮ ಯುನೈಟೆಡ್ ಇಂಡಿಯಾ ವಿಮಾ ಕಂಪನಿಗೆಂದು ಬಯಸಿದ ಕಚೇರಿ ಇದು. ನಕ್ಷೆ ಲಂಡನ್ನಿನ ಬ್ರೌನ್ ಮತ್ತು ಮೌಲಿನ್ ಅವರದು. ಸುಣ್ಣ, ಇಟ್ಟಿಗೆಗಳ ತಗ್ಗು ಮನೆಗಳ ಮದ್ರಾಸಿಗೆ ಕಾಂಕ್ರೀಟ್ ಕಂಬಗಳ ಮೇಲೆ ಏಳುವ ಕಟ್ಟಡವೇ ಹೊಸತು. 1954ರ ಮಾರ್ಚಿನಲ್ಲಿ ಸಿಂಗಪುರದ ವಿಮಾನ ಅಪಘಾತದಲ್ಲಿ ಚೆಟ್ಟಿಯಾರರು ತೀರಿಕೊಂಡರು. 1956ರಲ್ಲಿ ಸರ್ಕಾರ ಜೀವ ವಿಮೆಯನ್ನು ರಾಷ್ಟ್ರೀಕರಣ ಮಾಡಿ, 245 ಕಂಪನಿ, ಸೊಸೈಟಿಗಳನ್ನು ಒಂದುಗೂಡಿಸಿ ಎಲ್‌ಐಸಿ ಸ್ಥಾಪಿಸಿತು. ಇನ್ನೂ ಏಳುತ್ತಿದ್ದ ಕಟ್ಟಡವೂ ಅದರ ಪಾಲಿಗೆ ಬಂತು. ಲಂಡನ್ನಿನವರು ನಡುವೆ ಕೈಬಿಟ್ಟ ಕೆಲಸವನ್ನು ಮದ್ರಾಸಿನ ಎಲ್.ಎಂ. ಚಿತಳೆ ಪೂರೈಸಿದರು. 1959ರ ಆಗಸ್ಟಿನಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಉದ್ಘಾಟಿಸಿದಾಗ, ದೇಶದಲ್ಲೇ ಎತ್ತರದ ಕಟ್ಟಡವೆಂಬ ಹೆಗ್ಗಳಿಕೆ ಇದಕ್ಕಿತ್ತು.

ಒಳಗೆ ನಡೆಯುವುದು ಕಂತು, ಬಾಂಡು, ನಾಮಿನಿ, ಕ್ಲೇಮುಗಳ ವ್ಯವಹಾರ. ಬದುಕಿನ ಭಯಕ್ಕೆಲ್ಲ ಇಲ್ಲಿ ಒಂದೊಂದು ಫಾರಂ ಉಂಟು. ಇಷ್ಟೊಂದು ಕಾಗದವಿದ್ದ ಕಟ್ಟಡಕ್ಕೆ 1975ರ ಜುಲೈನಲ್ಲಿ ಬೆಂಕಿಯೂ ಬಿತ್ತು. ಪರರ ಆಪತ್ತಿಗೆ ಹೊಣೆ ಹೊತ್ತ ಸಂಸ್ಥೆಯ ಮನೆಯೇ ಉರಿಯುವುದನ್ನು ಊರು ನೋಡಿತು. ಕಟ್ಟಡ ಬೀಳಲಿಲ್ಲ. ದುರಸ್ತಿಯಾಗಿ ಮತ್ತೆ ಕೆಲಸಕ್ಕೆ ತೆರೆದುಕೊಂಡಿತು.

ಹೊರಗಿನವರಿಗೆ ಇದರ ಉಪಯೋಗವೇ ಬೇರೆ. ತಮಿಳು ಸಿನಿಮಾದಲ್ಲಿ ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದನೆಂದು ಹೇಳಲು ಮಾತೇ ಬೇಕಿರಲಿಲ್ಲ. ಸೆಂಟ್ರಲ್ ಸ್ಟೇಷನ್ ತೋರಿಸಿ, ಆಮೇಲೆ ಈ ಕಟ್ಟಡ ತೋರಿಸಿದರೆ ಸಾಕು, ಮದ್ರಾಸು ಬಂತೆಂದು ಪ್ರೇಕ್ಷಕನಿಗೆ ತಿಳಿಯುತ್ತಿತ್ತು. ಕನ್ನಡ ಚಿತ್ರರಂಗವೂ ಮದ್ರಾಸಿನ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲೇ ಬಿಡಾರ ಹೂಡಿದ್ದ ದಿನಗಳವು. ಅವಕಾಶ ಅರಸಿ ಕರ್ನಾಟಕದಿಂದ ಹೋದವರಿಗೂ ಇದು ಊರಿನ ಗುರುತು.

ಊರಿನಲ್ಲೇ ಎತ್ತರವೆಂಬ ಪಟ್ಟವನ್ನೂ ಚೆನ್ನೈನ ಬೇರೆ ಕಟ್ಟಡಗಳು ಎಂದೋ ಕಿತ್ತುಕೊಂಡಿವೆ. ಗುರುತಿನ ಪಟ್ಟವನ್ನು ಯಾರೂ ಕೇಳಿಲ್ಲ. ಅಣ್ಣಾ ಸಾಲೈಯ ಅಡಿಯಲ್ಲಿ ಮೆಟ್ರೋ ಸುರಂಗ ಕೊರೆದಾಗ ಇಲ್ಲಿನ ನಿಲ್ದಾಣಕ್ಕೆ ಇಟ್ಟ ಹೆಸರೂ ಎಲ್‌ಐಸಿಯೇ. ಕಟ್ಟಡವೇ ಕಾಣಿಸದ ನೆಲದಾಳದಲ್ಲೂ ಜನ ಅದರ ಹೆಸರು ಕೇಳಿ ಇಳಿಯುತ್ತಾರೆ. ಪಾಲಿಸಿ ಮಾಡಿಸದವರಿಗೂ ಈ ಕಟ್ಟಡ ಕಂತಿಲ್ಲದೆ ಕೊಡುತ್ತ ಬಂದಿರುವ ಸವಲತ್ತು ಇದು.