ಸಬ್‌ವೂಫರ್ ಎರಡು, ಆಂಪ್ಲಿಫೈಯರ್ ಒಂದು: ಓಮ್ ಲೆಕ್ಕ ತಪ್ಪಿದರೆ ಅಪಾಯ

ಕಲಬುರಗಿ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ರಸ್ತೆಗಳಲ್ಲಿ ಪ್ರಯಾಣಿಕರ ಕ್ರೂಸರ್ ಇರಲಿ, ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಇರಲಿ, ಹಾಡು ಕೇಳಿಬರುವುದು ಸಾಮಾನ್ಯ. ಕಾರುಗಳಲ್ಲಂತೂ ಒಂದು ಸಬ್‌ವೂಫರ್ ಸಾಲದೆಂದು ಎರಡನೆಯದನ್ನೂ ಹಳೆಯ ಆಂಪ್ಲಿಫೈಯರ್‌ಗೇ ಜೋಡಿಸುವುದುಂಟು. ಹೀಗೆ ಜೋಡಿಸಿದಾಗ ಆಂಪ್ಲಿಫೈಯರ್ ಸುಟ್ಟುಹೋಗಲು ಪ್ರಮುಖ ಕಾರಣವೆಂದರೆ ಸ್ಪೀಕರ್‌ಗಳ ಒಟ್ಟು ರೋಧವನ್ನು ಲೆಕ್ಕ ಹಾಕದಿರುವುದು.

ಕಡಿಮೆ ಓಮ್, ಹೆಚ್ಚು ಕರೆಂಟ್

ಸಬ್‌ವೂಫರ್‌ನ ರೋಧವನ್ನು ಓಮ್‌ಗಳಲ್ಲಿ ಅಳೆಯಲಾಗುತ್ತದೆ. ಕಾರಿನ ಸಬ್‌ವೂಫರ್‌ಗಳು ಸಾಮಾನ್ಯವಾಗಿ 2 ಅಥವಾ 4 ಓಮ್‌ನವು. ರೋಧ ಅರ್ಧಕ್ಕಿಳಿದರೆ ಆಂಪ್ಲಿಫೈಯರ್ ಒದಗಿಸಬೇಕಾದ ಕರೆಂಟ್ ಇಮ್ಮಡಿಯಾಗುತ್ತದೆ. ಆಂಪ್ಲಿಫೈಯರ್ ತಾಳಬಲ್ಲ ಕನಿಷ್ಠ ಓಮ್ ಎಷ್ಟೆಂಬುದು ಅದರ ಕೈಪಿಡಿಯಲ್ಲಿರುತ್ತದೆ. ಆ ಮಿತಿಗಿಂತ ಕೆಳಗಿಳಿದರೆ ಅದು ಕಾದು ತಾನಾಗಿಯೇ ಬಂದ್ ಆಗಬಹುದು, ಇಲ್ಲವೇ ಸುಟ್ಟುಹೋಗಬಹುದು.

ಎರಡು ವಿಧಾನ

4 ಓಮ್‌ನ ಎರಡು ಸಬ್‌ವೂಫರ್‌ಗಳ ಪ್ಲಸ್ ತಂತಿಗಳನ್ನು ಆಂಪ್ಲಿಫೈಯರ್‌ನ ಪ್ಲಸ್‌ಗೆ, ಮೈನಸ್ ತಂತಿಗಳನ್ನು ಮೈನಸ್‌ಗೆ ಕೊಟ್ಟರೆ ಅದು ಸಮಾನಾಂತರ ಜೋಡಣೆ. ಒಟ್ಟು ರೋಧ 2 ಓಮ್. ಒಂದರ ಮೈನಸ್ ಅನ್ನು ಇನ್ನೊಂದರ ಪ್ಲಸ್‌ಗೆ ಸೇರಿಸಿ, ಉಳಿದ ಎರಡು ತುದಿಗಳನ್ನು ಆಂಪ್ಲಿಫೈಯರ್‌ಗೆ ಕೊಟ್ಟರೆ ಅದು ಸರಣಿ ಜೋಡಣೆ. ಒಟ್ಟು 8 ಓಮ್. ಸರಣಿಯಲ್ಲಿ ಆಂಪ್ಲಿಫೈಯರ್ ಮೇಲಿನ ಹೊರೆ ತಗ್ಗುತ್ತದೆ, ಆದರೆ ಅದು ನೀಡುವ ಶಕ್ತಿಯೂ ತಗ್ಗುತ್ತದೆ. 4 ಓಮ್‌ನ ನಾಲ್ಕು ಸ್ಪೀಕರ್‌ಗಳಿದ್ದರೆ ಎರಡೆರಡನ್ನು ಸರಣಿಯಲ್ಲಿಟ್ಟು, ಆ ಎರಡು ಜೋಡಿಗಳನ್ನು ಸಮಾನಾಂತರವಾಗಿ ಕೂಡಿಸಿದಾಗ ಮತ್ತೆ 4 ಓಮ್ ಬರುತ್ತದೆ.

ಕೆಲವು ಸಬ್‌ವೂಫರ್‌ಗಳಲ್ಲಿ ಎರಡು ಕಾಯಿಲ್‌ಗಳಿರುತ್ತವೆ. ತಲಾ 4 ಓಮ್ ಕಾಯಿಲ್‌ಗಳಿರುವ ಇಂತಹ ಎರಡು ಸ್ಪೀಕರ್‌ಗಳಲ್ಲಿ ಎಲ್ಲ ಕಾಯಿಲ್‌ಗಳನ್ನೂ ಸಮಾನಾಂತರವಾಗಿ ಜೋಡಿಸಿದರೆ ರೋಧ 1 ಓಮ್‌ಗೆ ಕುಸಿಯುತ್ತದೆ. ಎಲ್ಲ ಆಂಪ್ಲಿಫೈಯರ್‌ಗಳೂ ಇದನ್ನು ತಾಳಲಾರವು. ಎರಡು ಚಾನೆಲ್‌ಗಳನ್ನು ಬ್ರಿಡ್ಜ್ ಮಾಡಿದಾಗಲೂ ಎಚ್ಚರ ಅಗತ್ಯ. ಪ್ರತಿ ಚಾನೆಲ್‌ಗೆ 2 ಓಮ್ ತಾಳುವ ಆಂಪ್ಲಿಫೈಯರ್‌ನ ಮಿತಿ ಆಗ ಸಾಮಾನ್ಯವಾಗಿ 4 ಓಮ್ ಆಗಿರುತ್ತದೆ.

ಒಂದು ಸ್ಪೀಕರ್‌ನ ಪ್ಲಸ್-ಮೈನಸ್ ಅದಲುಬದಲಾದರೆ, ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಸರಿದು ಬೇಸ್ ಕುಗ್ಗುತ್ತದೆ. ಇದನ್ನರಿಯದೆ ಧ್ವನಿ ಏರಿಸುತ್ತಾ ಹೋದರೆ ಕಾಯಿಲ್ ಸುಡುವ ಸಂಭವವಿದೆ.

ಬೆಂಕಿಯ ಭೀತಿ

500 ವ್ಯಾಟ್ ನೀಡುವ ಆಂಪ್ಲಿಫೈಯರ್ ಶೇ 80ರಷ್ಟು ದಕ್ಷತೆಯಲ್ಲಿ ಕೆಲಸ ಮಾಡಿದರೂ, ಎಂಜಿನ್ ಚಾಲೂ ಇದ್ದಾಗಿನ ಸುಮಾರು 14 ವೋಲ್ಟ್‌ನಲ್ಲಿ 45 ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತದೆ. ತೆಳು ತಂತಿ ಇದನ್ನು ತಾಳದೆ ಕಾಯುತ್ತದೆ. ಬ್ಯಾಟರಿಯ ಸಮೀಪದಲ್ಲೇ ಸೂಕ್ತ ಫ್ಯೂಸ್ ಇಲ್ಲದಿದ್ದರೆ, ತಂತಿಯ ಹೊದಿಕೆ ಸವೆದು ಬಾಡಿಗೆ ತಗುಲಿದಾಗ ವಾಹನಕ್ಕೇ ಬೆಂಕಿ ಹೊತ್ತಿಕೊಳ್ಳಬಹುದು. ಬಾಡಿಗೆಗೆ ಓಡುವ ವಾಹನವಾದರೆ ಮನೆಯ ದುಡಿಮೆಯೇ ನಿಂತಂತೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ, ಗಾಳಿಯಾಡದ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಇಡುವುದೂ ಸೂಕ್ತವಲ್ಲ.

ಆಂಪ್ಲಿಫೈಯರ್‌ಗೆ ತಂತಿ ಕೊಡುವ ಮುನ್ನ ಸ್ಪೀಕರ್‌ಗಳ ಒಟ್ಟು ರೋಧವನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸುವುದು ಒಳಿತು. 4 ಓಮ್ ಸ್ಪೀಕರ್ 3ರಿಂದ 4ರ ನಡುವೆ ತೋರಿಸುವುದು ಸಹಜ. ಸೊನ್ನೆಯ ಆಸುಪಾಸು ಬಂದರೆ ಶಾರ್ಟ್ ಆಗಿದೆ ಎಂದರ್ಥ. ಅಂಗಡಿಯಲ್ಲಿ ಎಷ್ಟು ವ್ಯಾಟ್ ಎಂದು ವಿಚಾರಿಸುವ ಗ್ರಾಹಕರು, ಜೋಡಣೆಯ ನಂತರ ಒಟ್ಟು ಎಷ್ಟು ಓಮ್ ಆಗುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು.